ಗಾಜಿನ ಪೆಟ್ಟಿಗೆಯ ಪಕ್ಕದ ಕೋಣೆ

ಪ್ರದರ್ಶನ ಆರಂಭವಾದ ಮೂರನೆಯ ದಿನ ಜೇವರ್ಗಿ ಕಡೆಯಿಂದ ಬಂದಿದ್ದ ಮುತ್ಯಾ ಒಬ್ಬರು ಗಾಜಿನ ಪೆಟ್ಟಿಗೆಗಳ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ನೋಡಿ ಮುಗಿಸಿ, ನನ್ನ ಮೇಜಿನ ಬಳಿ ಬಂದು, "ಪದ ಎಲ್ಲಾ ಛಂದ ಇಟ್ಟೀರಿ ಸರ್ರ, ಖರೆ. ಆದ್ರ ಹಾಡು ಎಲ್ಲದ?" ಎಂದು ಕೇಳಿದರು. ಪಕ್ಕದ ಕೋಣೆಯ ಬಾಗಿಲು ಅವರು ನಿಂತಿದ್ದ ಜಾಗದಿಂದ ಎಂಟು ಹೆಜ್ಜೆ ದೂರದಲ್ಲಿತ್ತು. ಒಳಗೆ ಹಾಡು ನಡೆಯುತ್ತಲೂ ಇತ್ತು. ಅದು ಅವರಿಗೆ ಕಾಣಿಸಲಿಲ್ಲ, ಕೇಳಿಸಲೂ ಇಲ್ಲ. ಬಾಗಿಲಿಗೆ ನಾವೇ ಎಳೆದುಬಿಟ್ಟಿದ್ದ ದಪ್ಪನೆಯ ಕಪ್ಪು ಪರದೆಯನ್ನು ಕಂಡು, ಅದು ಸಿಬ್ಬಂದಿ ಊಟ ಮಾಡುವ ಜಾಗವೆಂದು ಅವರು ತಿಳಿದಿದ್ದರು.

ನಾನು ಕಲಬುರಗಿಯ ಗ್ರಂಥಾಲಯವೊಂದರಲ್ಲಿ ಕೆಲಸ ಮಾಡುತ್ತೇನೆ. ಪುಸ್ತಕಗಳ ಕೊಡುಕೊಳ್ಳುವಿಕೆಯ ಜೊತೆಗೆ, ಮೊದಲ ಮಹಡಿಯ ಉದ್ದನೆಯ ಪಡಸಾಲೆಯಲ್ಲಿ ವರ್ಷಕ್ಕೆ ಒಂದೆರಡು ಪ್ರದರ್ಶನಗಳನ್ನು ಹೊಂದಿಸುವ ಹೊಣೆಯೂ ನನ್ನ ಪಾಲಿಗೆ ಬಂದಿದೆ. ಕಳೆದ ಬಾರಿ ನಾವು ಆರಿಸಿಕೊಂಡ ವಿಷಯ ನಮ್ಮ ಭಾಗದ ತತ್ವಪದಗಳು. ಸುಮಾರು ಇನ್ನೂರು ವರ್ಷಗಳ ಹಿಂದೆ ಇದೇ ಜಿಲ್ಲೆಯಲ್ಲಿ ಬಾಳಿದ ಕಡಕೋಳ ಮಡಿವಾಳಪ್ಪನವರು, ಅವರ ಶಿಷ್ಯಪರಂಪರೆಗೆ ಸೇರಿದ ಚನ್ನೂರ ಜಲಾಲಸಾಹೇಬರು, ಖೈನೂರ ಕೃಷ್ಣಪ್ಪನವರು, ತೆಲಗಬಾಳ ರೇವಪ್ಪನವರು ಕಟ್ಟಿದ ಪದಗಳು ಇಂದಿಗೂ ಅಮಾವಾಸ್ಯೆಯ ಭಜನೆಗಳಲ್ಲಿ ಏಕತಾರಿ, ದಮ್ಮಡಿ, ತಾಳಗಳೊಡನೆ ಕೇಳಿಬರುತ್ತವೆ. ನಮ್ಮ ಸಂಗ್ರಹದಲ್ಲಿದ್ದದ್ದು ಮುದ್ರಿತ ಸಂಕಲನಗಳು, ಭಜನಾ ತಂಡದವರು ತಲೆಮಾರುಗಳಿಂದ ಕೈಯಲ್ಲಿ ಬರೆದುಕೊಂಡು ಬಂದ ಕೆಲವು ವಹಿಗಳು, ಅರಿಶಿನ ಬಣ್ಣಕ್ಕೆ ತಿರುಗಿದ ಒಂದಿಷ್ಟು ಕಿರುಹೊತ್ತಿಗೆಗಳು. ಇವನ್ನೆಲ್ಲ ಗಾಜಿನೊಳಗಿಟ್ಟು ಮೇಲೆ ಚೀಟಿ ಅಂಟಿಸಿದರೆ ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ. ಆದರೆ ಬಾಯಿಂದ ಬಾಯಿಗೆ ಬಂದದ್ದನ್ನು ಕೇವಲ ಅಕ್ಷರದಲ್ಲಿ ತೋರಿಸುವುದೆಂದರೆ ಹೋಳಿಗೆಯ ಬದಲು ಅದನ್ನು ಮಾಡುವ ವಿಧಾನದ ಚೀಟಿಯನ್ನು ಎಲೆಗೆ ಬಡಿಸಿದಂತೆ. ಹಾಗಾಗಿ ಹಾಡನ್ನು ಕೇಳಿಸಲೇಬೇಕೆಂದು ಮೊದಲೇ ನಿರ್ಧರಿಸಿದ್ದೆವು. ಎಲ್ಲಿ ಕೇಳಿಸಬೇಕು, ಹೇಗೆ ಕೇಳಿಸಬೇಕು ಎಂಬಲ್ಲಿಯೇ ನಮ್ಮ ಪಾಠಗಳೆಲ್ಲ ಆರಂಭವಾದವು.

ಪಡಸಾಲೆಯಲ್ಲಿಯೇ ಟಿವಿ ಇಡುವ ಸಲಹೆ ಈ ಬಾರಿಯೂ ಬಂದಿತ್ತು. ಅದಕ್ಕೆ ನಾನು ಒಪ್ಪದಿರಲು ಹಿಂದಿನ ಅನುಭವವೇ ಕಾರಣ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕುರಿತು ಅದಕ್ಕೂ ಮೊದಲು ನಾವು ಒಂದು ಪ್ರದರ್ಶನ ಏರ್ಪಡಿಸಿದ್ದಾಗ, ಪಡಸಾಲೆಯ ಮೂಲೆಯಲ್ಲಿ 43 ಇಂಚಿನ ಟಿವಿ ಇಟ್ಟು, ಹದಿನೆಂಟು ನಿಮಿಷಗಳ ಒಂದು ಸಾಕ್ಷ್ಯಚಿತ್ರವನ್ನು ದಿನವಿಡೀ ತಿರುಗಿಸುತ್ತಿದ್ದೆವು. ಕೆಳಗಿನ ವಾಚನಾಲಯದಲ್ಲಿ ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗಳಿಗೆ ಓದುವ ಹುಡುಗರು ಎರಡನೆಯ ದಿನವೇ ಮೇಲೆ ಬಂದು, "ಸರ್, ಕಾಗಿಣಾ ನದಿ ದಂಡಿ ಮ್ಯಾಲ ಅನ್ನೋದು ನಮಗ ಬಾಯಿಪಾಠ ಆಗ್ಯಾದ್ರಿ" ಎಂದು ದೂರಿದರು. ನಾಲ್ಕನೆಯ ದಿನ ಯಾರೋ ಧ್ವನಿಯನ್ನು ಪೂರ್ತಿ ನಿಲ್ಲಿಸಿದರು. ಉಳಿದ ದಿನಗಳೆಲ್ಲ ಆ ಚಿತ್ರ ಮೂಕವಾಗಿಯೇ ಓಡಿತು, ಒಬ್ಬರಾದರೂ ಅದನ್ನು ಪ್ರಶ್ನಿಸಲಿಲ್ಲ. ನಮ್ಮ ಚಿತ್ರಕ್ಕೆ ಅದಕ್ಕಿಂತ ನಿಷ್ಠುರವಾದ ವಿಮರ್ಶೆ ಬೇರೊಂದಿರಲಾರದು. ಆಮೇಲೆ ಸಾವಧಾನವಾಗಿ ಯೋಚಿಸಿದಾಗ ಕಾರಣ ಹೊಳೆಯಿತು. ಗೋಡೆಯ ಫಲಕಗಳಲ್ಲಿ ಬರೆದಿದ್ದನ್ನೇ ಆ ಚಿತ್ರದ ನಿರೂಪಕ ಗಂಭೀರ ದನಿಯಲ್ಲಿ ಓದುತ್ತಿದ್ದ. ನಿಂತು ಓದಬಲ್ಲವರಿಗೆ ಅದು ಬೇಡವಾಗಿತ್ತು, ಓದಲಾರದವರಿಗೆ ಕುಳಿತು ಕೇಳುವ ಜಾಗವಿರಲಿಲ್ಲ.

ಅಂದಿನಿಂದ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ. ಕಾಲದೊಳಗೆ ನಡೆಯುವಂಥದ್ದು ಏನಾದರೂ ಇದ್ದರೆ ಮಾತ್ರ ಚಿತ್ರ ಅಥವಾ ಧ್ವನಿ ಬೇಕು. ಇರುವಂತೆ ಇರುವ ವಸ್ತುವಿಗೆ ಚೀಟಿ ಸಾಕು. ಹಾಡು ಕಾಲದೊಳಗೆ ನಡೆಯುತ್ತದೆ. ಬೀದರಿನ ಬಿದರಿ ಕೆಲಸವೂ ಹಾಗೆಯೇ. 2006ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಈ ಕಲೆಯ ಹೂಜಿಯೊಂದನ್ನು ಗಾಜಿನೊಳಗಿಟ್ಟರೆ ನೋಡುವವರಿಗೆ ಕಪ್ಪು ಮೈ, ಬೆಳ್ಳಿಯ ಬಳ್ಳಿ ಕಾಣುತ್ತವೆ, ಅಷ್ಟೇ. ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ ಸೇರಿದ ಎರಕದ ಮೇಲೆ ಚಾಣದಿಂದ ಗೀರಿ, ಬೆಳ್ಳಿಯ ತಂತಿ ಕೂರಿಸಿ, ಉಜ್ಜಿ ನಯ ಮಾಡಿದಾಗಲೂ ಎಲ್ಲವೂ ಬೂದು ಬಣ್ಣವೇ. ಬೆಳ್ಳಿ ಯಾವುದು, ಸತು ಯಾವುದು ಎಂದು ತಿಳಿಯದು. ಕೊನೆಗೆ ಅದನ್ನು ಬಿಸಿ ಮಾಡಿ, ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಕಲಸಿದ ಲೇಪವನ್ನು ಉಜ್ಜಿದೊಡನೆ ಲೋಹ ಕಪ್ಪಾಗಿ, ಬೆಳ್ಳಿ ಮಾತ್ರ ಬೆಳ್ಳಗೆ ಎದ್ದು ನಿಲ್ಲುತ್ತದೆ. ಆ ಗಳಿಗೆಯನ್ನು ಯಾವ ಚೀಟಿಯೂ ಹೇಳಲಾರದು, ಎರಡು ನಿಮಿಷದ ಚಿತ್ರ ಹೇಳಬಲ್ಲದು. ಅದಕ್ಕೆ ನಿರೂಪಕನ ಅಗತ್ಯವೂ ಇಲ್ಲ. ಬಿದರಿಯ ಪ್ರದರ್ಶನವನ್ನು ನಾವಿನ್ನೂ ಮಾಡಿಲ್ಲ. ಮಾಡಿದ ದಿನ ಪಕ್ಕದ ಕೋಣೆಯಲ್ಲಿ ಏನಿರಬೇಕೆಂಬುದು ಮಾತ್ರ ನನಗೆ ಈಗಾಗಲೇ ನಿಶ್ಚಿತವಾಗಿದೆ.

ಪಕ್ಕದ ಕೋಣೆಗೆ ಮರಳುತ್ತೇನೆ. ಅದು ಹತ್ತು ಅಡಿ ಅಗಲ, ಹದಿನಾಲ್ಕು ಅಡಿ ಉದ್ದದ ಕೋಣೆ. ಬೈಂಡ್ ಮಾಡಿಸಿದ ಹಳೆಯ ಪತ್ರಿಕೆಗಳ ಸಂಪುಟಗಳು, ಒಂದು ಕಾಲು ಮುರಿದ ಕುರ್ಚಿಗಳು, ಯಾವುದೋ ಚುನಾವಣೆಯ ಕಾಲದ ತಗಡಿನ ಪೆಟ್ಟಿಗೆಗಳು ಅದರಲ್ಲಿ ತುಂಬಿದ್ದವು. ಅದನ್ನು ತೆರವು ಮಾಡಿಸಲು ಅನುಮತಿ ಸಿಗುವುದಕ್ಕೇ ಪ್ರದರ್ಶನದ ಉಳಿದೆಲ್ಲ ಸಿದ್ಧತೆಗಿಂತ ಹೆಚ್ಚು ದಿನ ಹಿಡಿಯಿತು. ಆ ಕಥೆಯನ್ನು ಇಲ್ಲಿ ಬೆಳೆಸುವುದಿಲ್ಲ. ಕೋಣೆ ಖಾಲಿಯಾದ ಮೇಲೆ ಸ್ಪೀಕರ್ ಇಟ್ಟು ಹಾಡು ಹಚ್ಚಿದಾಗ ನಮಗೆ ಕೇಳಿಸಿದ್ದು ಪದವಲ್ಲ, ಬಾವಿಯೊಳಗಿನ ಗದ್ದಲ. ನೆಲಕ್ಕೆ ಶಹಾಬಾದಿ ಫರಸಿ, ಗೋಡೆಗೆ ನುಣ್ಣನೆಯ ಗಿಲಾವು, ಮೇಲೆ ಆರ್‌ಸಿಸಿ ಛಾವಣಿ. ಎಲ್ಲಿಯೂ ಮೆತ್ತನೆಯದೆಂಬುದು ಇಲ್ಲ. ಬಯಲಿನಲ್ಲಾದರೆ ದೂರ ಎರಡರಷ್ಟಾದಾಗಲೆಲ್ಲ ಶಬ್ದದ ಮಟ್ಟ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಇಂಥ ಕೋಣೆಯಲ್ಲಿ ಕಲ್ಲು, ಗೋಡೆಗಳು ಅದನ್ನು ಮತ್ತೆ ಮತ್ತೆ ಹಿಂದಕ್ಕೆ ಎಸೆಯುವುದರಿಂದ ಒಂದು ಅಕ್ಷರದ ಬಾಲವನ್ನು ಇನ್ನೊಂದು ಅಕ್ಷರ ತುಳಿಯುತ್ತದೆ. ತತ್ವಪದದಲ್ಲಿ ಅಕ್ಷರವೇ ಕೇಳಿಸದಿದ್ದರೆ ಉಳಿಯುವುದೇನು?

ಧ್ವನಿಯನ್ನು ಹೀರುವ ಫೋಮ್ ಹಲಗೆಗಳ ಬೆಲೆ ವಿಚಾರಿಸಿ ಸುಮ್ಮನಾದೆವು. ಪರಿಹಾರ ಹೊಳೆದದ್ದು ನಮ್ಮ ಕಚೇರಿಯಲ್ಲಿ ಕಸಗುಡಿಸುವ ಅಕ್ಕನಿಗೆ. "ಕೌದಿ ಹಾಕ್ರಿ ಸರ್, ನಮ್ಮನ್ಯಾಗ ನಾಕು ಅವ" ಎಂದಳು. ಹಳೆಯ ಸೀರೆ, ಧೋತರಗಳನ್ನು ನಾಲ್ಕೈದು ಪದರವಾಗಿ ಹಾಸಿ, ಅಂಚಿನಿಂದ ನಡುವಿನವರೆಗೆ ಒತ್ತೊತ್ತಾಗಿ ಹೊಲಿದ ಕೌದಿಗಿಂತ ಒಳ್ಳೆಯ ವಸ್ತುವನ್ನು ಆ ಕೆಲಸಕ್ಕೆ ಹುಡುಕುವುದು ಕಷ್ಟ. ಸಿಬ್ಬಂದಿಯ ಮನೆಗಳಿಂದ ಒಟ್ಟು ಒಂಬತ್ತು ಕೌದಿಗಳು ಬಂದವು. ಅವುಗಳನ್ನು ಗೋಡೆಗೆ ಹಚ್ಚದೆ, ಗಳು ಕಟ್ಟಿ ಗೋಡೆಯಿಂದ ಮೂರು ನಾಲ್ಕು ಇಂಚು ಮುಂದಕ್ಕೆ ತೂಗುಬಿಟ್ಟೆವು. ಬಟ್ಟೆಯ ಹಿಂದೆ ಗಾಳಿಗೆ ಜಾಗವಿದ್ದರೆ ಅದು ತಗ್ಗಿನ ಸ್ವರಗಳನ್ನೂ ಒಂದಿಷ್ಟು ಹೀರುತ್ತದೆ. ನೆಲಕ್ಕೆ ಎರಡು ಜಮಖಾನೆ ಹಾಸಿದೆವು. ಮತ್ತೆ ಹಾಡು ಹಚ್ಚಿದಾಗ ಏಕತಾರಿಯ ತಂತಿಗೆ ಬೆರಳು ತಗಲುವ ಸಣ್ಣ ಸದ್ದು ಕೂಡ ಬೇರೆಯಾಗಿ ಕೇಳಿಸಿತು. ಕೆಂಪು, ಹಸಿರು, ಗಿಣಿಹಸಿರು ತುಂಡುಗಳ ಆ ಗೋಡೆಗಳಿಂದಾಗಿ ಕೋಣೆ ಭಜನೆಯ ಮನೆಯಂತೆಯೇ ಕಾಣತೊಡಗಿದ್ದು ನಾವು ಬಯಸದೆ ಬಂದ ಲಾಭ.

ಟಿವಿಯೋ ಪ್ರೊಜೆಕ್ಟರೋ ಎಂಬ ಚರ್ಚೆಯೂ ನಡೆಯಿತು. ಪ್ರೊಜೆಕ್ಟರಿಗೆ ಕೋಣೆ ಪೂರ್ತಿ ಕತ್ತಲಾಗಬೇಕು. ಬಲ್ಬಿನ ಪ್ರೊಜೆಕ್ಟರ್ ಆದರೆ ಆರಿಸಿದ ಮೇಲೂ ಅದರ ಫ್ಯಾನ್ ಕೆಲಹೊತ್ತು ತಿರುಗಿ ಬಲ್ಬನ್ನು ತಣಿಸಬೇಕು, ಕರೆಂಟು ಹಠಾತ್ತನೆ ಹೋದರೆ ಬಲ್ಬಿನ ಆಯುಷ್ಯ ಕಡಿಮೆಯಾಗುತ್ತದೆ. ನಮ್ಮಲ್ಲಿ ಕರೆಂಟು ಹೋಗುವುದು ಹಠಾತ್ತಾಗಿಯೇ. ಹಾಗಾಗಿ ಹಳೆಯ 43 ಇಂಚಿನ ಟಿವಿಯನ್ನೇ ಒಳಗೆ ತಂದೆವು. ಅದಕ್ಕೂ ಅದರದೇ ಹಟಗಳಿದ್ದವು. ಕರೆಂಟು ಹೋಗಿ ಬಂದರೆ ಅದು ಹಾಡಿಗೆ ಮರಳದೆ ತನ್ನ ಮೆನುವನ್ನು ತೆರೆದುಕೊಂಡು ಕುಳಿತಿರುತ್ತಿತ್ತು. ನಾಲ್ಕು ಗಂಟೆ ಯಾರೂ ರಿಮೋಟ್ ಮುಟ್ಟದಿದ್ದರೆ ವಿದ್ಯುತ್ ಉಳಿಸುವ ನೆಪದಲ್ಲಿ ತಾನೇ ಆರಿಹೋಗುತ್ತಿತ್ತು. ಎರಡನೆಯದನ್ನು ಸೆಟ್ಟಿಂಗ್‌ನಲ್ಲಿ ಸರಿಪಡಿಸಿದೆವು, ಮೊದಲನೆಯದಕ್ಕೆ ಒಂದು ಸಣ್ಣ ಯುಪಿಎಸ್ ಇಟ್ಟೆವು. ಚಿತ್ರವನ್ನು ಪೆನ್‌ಡ್ರೈವ್‌ಗೆ ಹಾಕುವಾಗ, ಅದು ಫ್ಯಾಟ್32 ರೀತಿಯದಾಗಿದ್ದರೆ 4 ಜಿಬಿಗಿಂತ ದೊಡ್ಡ ಕಡತವನ್ನು ತೆಗೆದುಕೊಳ್ಳುವುದಿಲ್ಲವೆಂಬುದನ್ನು ಉದ್ಘಾಟನೆಯ ಹಿಂದಿನ ರಾತ್ರಿ ಕಲಿತೆವು.

ಧ್ವನಿಯ ವಿಷಯದಲ್ಲಿ ನಾವು ಮಾಡಿದ ಒಂದು ಸರಿಯಾದ ಕೆಲಸವೆಂದರೆ ಸ್ಪೀಕರುಗಳನ್ನು ಟಿವಿಯ ಅಕ್ಕಪಕ್ಕದಲ್ಲಿಡದೆ ಕೂರುವವರ ಬೆನ್ನ ಹಿಂದೆ, ಕಿವಿಯ ಮಟ್ಟಕ್ಕೆ ಇಟ್ಟದ್ದು. ಕಿವಿಗೆ ಹತ್ತಿರವಿದ್ದರೆ ದನಿ ಮೆಲ್ಲಗಿದ್ದರೂ ತುಂಬಿ ಕೇಳುತ್ತದೆ, ಹೊರಗಿನ ಪಡಸಾಲೆಗೆ ಸೋರುವುದೂ ಕಡಿಮೆ. ಹೆಡ್‌ಫೋನ್ ಕೊಡಬಹುದಿತ್ತೆಂದು ಹಲವರು ಹೇಳಿದರು. ಬೇರೆ ವಿಷಯಕ್ಕಾದರೆ ನಾನೂ ಒಪ್ಪುತ್ತಿದ್ದೆ. ಆದರೆ ತತ್ವಪದ ಒಬ್ಬರು ಹೇಳಿ ಹತ್ತು ಜನ ಹಿಂದೆ ಹೇಳುವ ಹಾಡು; ಕಿವಿ ಮುಚ್ಚಿಕೊಂಡು ಒಬ್ಬೊಬ್ಬರೇ ಕೇಳುವುದು ಅದಕ್ಕೆ ಒಗ್ಗುವುದಿಲ್ಲ. ನಿಜವಾಗಿಯೂ ಶ್ರಾವಣದ ಒಂದು ಸೋಮವಾರ ಶರಣಬಸವೇಶ್ವರ ಗುಡಿಗೆ ಬಂದವರು ಹಾಗೆಯೇ ಗ್ರಂಥಾಲಯಕ್ಕೂ ಬಂದು, ಏಳೆಂಟು ಹೆಣ್ಣುಮಕ್ಕಳು ಜಮಖಾನೆಯ ಮೇಲೆ ಕುಳಿತು ಪಲ್ಲವಿಗೆ ದನಿಗೂಡಿಸಿದರು. ಕೆಳಗಿನಿಂದ ಪರೀಕ್ಷೆಯ ಹುಡುಗರು ಬಂದೇ ಬರುತ್ತಾರೆಂದು ನಾನು ಕಾದೆ. ಬಂದವನು ಒಬ್ಬನೇ, ಬಂದವನು ಬಾಗಿಲಲ್ಲಿ ಹಾಡು ಮುಗಿಯುವವರೆಗೆ ನಿಂತು ಕೆಳಗಿಳಿದು ಹೋದ.

ನಮ್ಮನ್ನು ಸೋಲಿಸಿದ್ದು ಫ್ಯಾನು. ಕಿಟಕಿಗೆ ಕಪ್ಪು ಬಟ್ಟೆ, ಗೋಡೆಗೆ ಕೌದಿ ಹಾಕಿದ ಮೇಲೆ ಕಲಬುರಗಿಯ ಮಳೆಗಾಲದಲ್ಲಿ ಕೂಡ ಆ ಕೋಣೆಯಲ್ಲಿ ಹತ್ತು ನಿಮಿಷ ಕೂರುವುದು ಕಷ್ಟವಾಯಿತು. ಫ್ಯಾನ್ ಜೋರು ಮಾಡಿದರೆ ಅದರ ಗರಗರ ಸದ್ದಿನಲ್ಲಿ ಏಕತಾರಿ ಮುಳುಗುತ್ತಿತ್ತು. ಕೂಲರಿನ ಮಾತಂತೂ ಬೇಡವೇ ಬೇಡ. ಕೊನೆಗೆ ಕಿಟಕಿಯ ಬಟ್ಟೆಯನ್ನು ಅರ್ಧ ತೆಗೆದೆವು. ಟಿವಿಯಾದ್ದರಿಂದ ಆ ಬೆಳಕಿನಲ್ಲಿಯೂ ಚಿತ್ರ ಕಾಣುತ್ತಿತ್ತು, ಕತ್ತಲೆಂದರೆ ಹೆದರುವ ಮಕ್ಕಳೂ ಒಳಗೆ ಬಂದರು. ಪಕ್ಕದ ಕೋಣೆಯೆಂದರೆ ಕತ್ತಲೆಯ ಗುಹೆಯಾಗಿರಬೇಕೆಂದು ನಾವು ಯಾಕೆ ಭಾವಿಸಿದ್ದೆವೋ ಈಗ ನೆನಪಾಗುತ್ತಿಲ್ಲ.

ಆ ಮುತ್ಯಾನ ಪ್ರಶ್ನೆಯ ದಿನವೇ ಬಾಗಿಲಿನ ಪರದೆಯನ್ನು ಒಂದು ಬದಿಗೆ ಕಟ್ಟಿದೆವು. "ಒಳಗೆ ಬನ್ನಿ, ಕುಳಿತು ಕೇಳಿ" ಎಂಬ ಫಲಕವನ್ನೂ, ಅದರ ಕೆಳಗೆ ಪ್ರತಿ ಹಾಡು ಎಷ್ಟು ನಿಮಿಷದ್ದು ಎಂಬ ಪಟ್ಟಿಯನ್ನೂ ಹಾಕಿದೆವು. ಐದು ನಿಮಿಷ ಎಂದು ತಿಳಿದರೆ ಜನ ಕೂರುತ್ತಾರೆ, ಎಷ್ಟೆಂದು ತಿಳಿಯದಿದ್ದರೆ ಬಾಗಿಲಲ್ಲಿಯೇ ಇಣುಕಿ ಹೋಗುತ್ತಾರೆ. ಮೊದಲು ನಾವು ಸಿದ್ಧಪಡಿಸಿದ್ದ ಚಿತ್ರ 22 ನಿಮಿಷದ್ದು, ಅದರಲ್ಲಿ ಮೊದಲ ಆರು ನಿಮಿಷ ಗಣ್ಯರ ನುಡಿಗಳು. ಪಕ್ಕದ ಕೋಣೆಗೆ ಯಾರೂ ಚಿತ್ರದ ಆರಂಭಕ್ಕೆ ಸರಿಯಾಗಿ ಬರುವುದಿಲ್ಲ. ನಡುವೆ ಎಲ್ಲಿಯೋ ಒಳಗೆ ಕಾಲಿಡುತ್ತಾರೆ. ಆದ್ದರಿಂದ ಅದನ್ನು ನಾಲ್ಕು ಬಿಡಿ ಹಾಡುಗಳಾಗಿ ಒಡೆದು, ನಡುನಡುವೆ ಹತ್ತು ಸೆಕೆಂಡು ಮೌನ ಇಟ್ಟು, ಪ್ರತಿ ಹಾಡಿನ ಮೊದಲಿಗೆ ಹಾಡುವವರ ಊರು ಮತ್ತು ಪದಕಾರರ ಹೆಸರು ಬರುವಂತೆ ಮಾಡಿದೆವು. ಗಣ್ಯರ ನುಡಿಗಳನ್ನು ಬೇರೆ ಕಡತದಲ್ಲಿ ಭದ್ರವಾಗಿ ಇಟ್ಟಿದ್ದೇವೆ.

ಜಮಖಾನೆ ಕಂಡ ಕೂಡಲೇ ಜನ ತಾವಾಗಿಯೇ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದರು. ಬಾಗಿಲ ಮುಂದೆ ಏಳೆಂಟು ಜೊತೆ ಚಪ್ಪಲಿ ಬಿದ್ದಿರುವುದನ್ನು ನೋಡಿದವರು ಒಳಗೆ ಏನೋ ನಡೆದಿದೆಯೆಂದು ಕುತೂಹಲದಿಂದ ಬಂದು ತಮ್ಮ ಚಪ್ಪಲಿಯನ್ನೂ ಸೇರಿಸುತ್ತಿದ್ದರು. ನಾವು ಮುದ್ರಿಸಿದ ಫಲಕಕ್ಕಿಂತ ಆ ಚಪ್ಪಲಿಗಳ ಸಾಲೇ ಹೆಚ್ಚು ಜನರನ್ನು ಒಳಗೆ ಕರೆಯಿತು. ಮಂಡಿನೋವಿನವರಿಗಾಗಿ ಬೆನ್ನಿರುವ ನಾಲ್ಕು ಕುರ್ಚಿಗಳನ್ನು ಹಿಂಬದಿಯಲ್ಲಿ ಇಟ್ಟೆವು. ಮುಟ್ಟಿ ನೋಡಲೆಂದು ಇಟ್ಟಿದ್ದ ದಮ್ಮಡಿ ಮಾತ್ರ ಒಂದು ಶಾಲೆಯ ಮಕ್ಕಳು ಬಂದು ಹೋದ ಮಧ್ಯಾಹ್ನವೇ ನನ್ನ ಮೇಜಿನ ಖಾನೆಗೆ ಸೇರಿತು.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ ಸಂಗತಿಗೆ ಬರುತ್ತೇನೆ. ಹಾಡಿನ ಸಾಲುಗಳು ಪರದೆಯ ಕೆಳಗೆ ಕನ್ನಡದಲ್ಲಿ ಮೂಡುವಂತೆ ಮಾಡಬೇಕೆಂದು, ಮುದ್ರಿತ ಸಂಕಲನವನ್ನು ಎದುರಿಗಿಟ್ಟುಕೊಂಡು ಬರೆಯತೊಡಗಿದಾಗ ಹಾಡಿಗೂ ಪುಸ್ತಕಕ್ಕೂ ಹೊಂದಾಣಿಕೆಯಾಗಲಿಲ್ಲ. ಹಾಡುವವರು ಒಂದು ನುಡಿಯನ್ನು ಬಿಟ್ಟಿದ್ದರು, ಎರಡು ನುಡಿಗಳನ್ನು ಹಿಂದುಮುಂದು ಮಾಡಿದ್ದರು, ಒಂದು ಕಡೆ ಪುಸ್ತಕದ ಸಂಸ್ಕೃತ ಪದದ ಜಾಗದಲ್ಲಿ ನಮ್ಮ ಊರ ಮಾತೊಂದು ಕುಳಿತಿತ್ತು. ನನ್ನ ಸಹೋದ್ಯೋಗಿಯೊಬ್ಬರು, ಪುಸ್ತಕದಲ್ಲಿರುವುದನ್ನೇ ಹಾಕೋಣ, ಇಲ್ಲವಾದರೆ ನಾವೇ ತಪ್ಪು ಬರೆದೆವೆಂದು ಜನ ಅಂದಾರು ಎಂದರು. ಅವರ ಭಯದಲ್ಲಿ ಅರ್ಥವಿತ್ತು. ಗ್ರಂಥಾಲಯದಲ್ಲಿ ಅಚ್ಚಾದದ್ದಕ್ಕೆ ಇರುವ ಮರ್ಯಾದೆ ಬೇರೆ. ಆದರೆ ಕಿವಿಗೆ ಒಂದು, ಕಣ್ಣಿಗೆ ಇನ್ನೊಂದು ಕೊಟ್ಟರೆ ಎರಡೂ ಕೆಡುತ್ತವೆ. ಕೊನೆಗೆ ಹಾಡಿದ್ದನ್ನು ಹಾಡಿದಂತೆಯೇ ಬರೆದೆವು. ಅದೇ ಪದದ ಮುದ್ರಿತ ಪುಟವನ್ನೂ ಕೈಬರಹದ ವಹಿಯ ಪುಟವನ್ನೂ ಕೋಣೆಯ ಬಾಗಿಲಿಗೆ ಹತ್ತಿರದ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ತೆರೆದಿಟ್ಟೆವು. ಹಳೆಯ ಕಾಗದಕ್ಕೆ 50 ಲಕ್ಸ್‌ಗಿಂತ ಹೆಚ್ಚಿನ ಬೆಳಕು ಬೀಳಬಾರದೆಂಬುದು ವಾಡಿಕೆಯ ಮಿತಿ; ಬೆಳಕಿನಿಂದಾದ ಹಾನಿ ದಿನದಿಂದ ದಿನಕ್ಕೆ ಕೂಡುತ್ತಲೇ ಹೋಗುತ್ತದೆ, ಮರಳಿ ಸರಿಹೋಗುವುದಿಲ್ಲ. ಅದಕ್ಕಾಗಿ ಆ ಪೆಟ್ಟಿಗೆಯ ಮೇಲಿನ ಟ್ಯೂಬ್‌ಲೈಟ್ ತೆಗೆಸಿ, ಹದಿನೈದು ದಿನಕ್ಕೊಮ್ಮೆ ವಹಿಯ ಪುಟ ಮಗುಚಿ, ಕೋಣೆಯಲ್ಲಿ ಬರುವ ಹಾಡುಗಳ ಸರದಿಯನ್ನೂ ಅದಕ್ಕೆ ತಕ್ಕಂತೆ ಬದಲಿಸುತ್ತಿದ್ದೆವು.

ಆಮೇಲೆ ನಾನು ಮೇಜಿನಲ್ಲಿ ಕುಳಿತು ಗಮನಿಸಿದ್ದು ಇದು. ಜನ ಪೆಟ್ಟಿಗೆಯ ಮುಂದೆ ಒಂದು ಕ್ಷಣ ನಿಂತು ಮುಂದೆ ಸಾಗುತ್ತಿದ್ದರು, ಕೋಣೆಗೆ ಹೋಗಿ ಹಾಡು ಕೇಳುತ್ತಿದ್ದರು, ಹೊರಬಂದು ಮತ್ತೆ ಅದೇ ಪೆಟ್ಟಿಗೆಯ ಮುಂದೆ ಬಗ್ಗಿ ನಿಲ್ಲುತ್ತಿದ್ದರು. ಈ ಸಲ ಗಾಜಿನ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಓದುತ್ತಿದ್ದರು, ಕೆಲವರು ಪಿಸುಗುಟ್ಟಿ ಹಾಡಿಯೂ ನೋಡುತ್ತಿದ್ದರು. ಸಂಜೆಗೆ ಆ ಒಂದು ಪೆಟ್ಟಿಗೆಯ ಗಾಜನ್ನು ಮಾತ್ರ ಒರೆಸಬೇಕಾಗುತ್ತಿತ್ತು. ಕಣ್ಣು ಕಾಣದ ಒಬ್ಬ ಓದುಗರು, ನಮ್ಮಲ್ಲಿಗೆ ವರ್ಷಗಳಿಂದ ಬರುವವರು, ನಾವು ಹಾಕಿದ ಪ್ರದರ್ಶನಗಳಲ್ಲಿ ತಮಗಾಗಿ ಏನಾದರೂ ಇದ್ದದ್ದು ಇದೇ ಮೊದಲೆಂದು ಹೇಳಿದಾಗ ನನಗೆ ಸಂತೋಷಕ್ಕಿಂತ ಹೆಚ್ಚಾಗಿ ನಾಚಿಕೆಯೇ ಆಯಿತು.

ಹಕ್ಕುಗಳ ವಿಷಯವನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಬಹಳ ಜನ ಅದನ್ನು ಗಾಳಿಗೆ ಬಿಡುತ್ತಾರೆ. ತತ್ವಪದಗಳ ಸಾಹಿತ್ಯ ಎಲ್ಲರದೂ ಹೌದು. ಆದರೆ ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಾಡಿದವರಿಗೆ ತಮ್ಮ ಹಾಡಿಕೆಯ ಮೇಲೆ 50 ವರ್ಷ ಹಕ್ಕಿರುತ್ತದೆ, ಧ್ವನಿಮುದ್ರಣಕ್ಕೆ ಅದು ಪ್ರಕಟವಾದ ಮೇಲೆ 60 ವರ್ಷ ರಕ್ಷಣೆಯಿರುತ್ತದೆ. ಒಬ್ಬ ಹಿರಿಯರು ಪ್ರೀತಿಯಿಂದ ಒಂದು ಚೀಲದ ತುಂಬ ಹಳೆಯ ಭಜನಾ ಕ್ಯಾಸೆಟ್‌ಗಳನ್ನು ತಂದುಕೊಟ್ಟಾಗ ಅವನ್ನು ಪೆಟ್ಟಿಗೆಯಲ್ಲಿ ತೋರಿಸಿದೆವು, ಕೋಣೆಯಲ್ಲಿ ಕೇಳಿಸಲಿಲ್ಲ. ನಾವು ಕೇಳಿಸಿದ್ದು ನಾವೇ ಹಳ್ಳಿಗೆ ಹೋಗಿ ಧ್ವನಿಮುದ್ರಿಸಿಕೊಂಡದ್ದು. ಒಪ್ಪಿಗೆಯ ಪತ್ರವನ್ನು ಹಾಡುವವರಿಗೆ ಗಟ್ಟಿಯಾಗಿ ಓದಿ ಹೇಳಿ, ಎಲ್ಲಿ ಕೇಳಿಸುತ್ತೇವೆ, ಎಲ್ಲಿ ಕೇಳಿಸುವುದಿಲ್ಲ ಎಂದು ತಿಳಿಸಿ ಸಹಿ ಪಡೆದೆವು. ಒಬ್ಬರು ಸಹಿ ಹಾಕಿದರು, ಆದರೆ ಫೋನಿನಲ್ಲಿ ಊರೆಲ್ಲ ಹಂಚುವುದು ಬೇಡವೆಂದರು. ಅವರ ಹಾಡು ಆ ಕೋಣೆಯಲ್ಲಿ ಮಾತ್ರ ಕೇಳಿಸಿತು, ನಮ್ಮ ಪ್ರಚಾರದ ತುಣುಕಿನಲ್ಲಿ ಬರಲಿಲ್ಲ.

ಜೇವರ್ಗಿ ಕಡೆಯ ಮುತ್ಯಾ ಮತ್ತೊಮ್ಮೆ ಬಂದರು. ಈ ಸಲ ಒಳಗೆ ಕುಳಿತು ನಾಲ್ಕೂ ಹಾಡು ಕೇಳಿ ಹೊರಬಂದು, "ಮೂರನೇದು ನಮ್ಮ ಕಡಿ ಹಿಂಗ ಹಾಡಂಗಿಲ್ಲ ಸರ್ರ" ಎಂದು ಕಾರಿಡಾರಿನಲ್ಲಿ ನಿಂತೇ ತಮ್ಮ ಊರಿನ ಧಾಟಿಯನ್ನು ಕೇಳಿಸಿದರು. ಅವರು ಹಾಡಿದ ಪಾಠ ಪುಸ್ತಕದಲ್ಲೂ ಇರಲಿಲ್ಲ, ವಹಿಯಲ್ಲೂ ಇರಲಿಲ್ಲ, ನಮ್ಮ ಟಿವಿಯಲ್ಲೂ ಇರಲಿಲ್ಲ. ಅದೇ ಕೋಣೆಯಲ್ಲಿ, ಟಿವಿ ಆರಿಸಿ, ಕೌದಿಗಳ ನಡುವೆ ಅವರನ್ನು ಕೂರಿಸಿ ಧ್ವನಿಮುದ್ರಿಸಿಕೊಂಡೆವು. ಹೊರಗಿನ ಸದ್ದು ಒಳಬರದ ಆ ಕೋಣೆ ಕೇಳಿಸುವುದಕ್ಕೆ ಹೇಗೋ ಹಾಗೆಯೇ ಹಾಡಿಸುವುದಕ್ಕೂ ಒದಗುತ್ತದೆಂಬುದು ಆವರೆಗೆ ನಮಗೆ ಹೊಳೆದಿರಲಿಲ್ಲ. ಮುಂದಿನ ಹದಿನೈದು ದಿನಗಳ ಸರದಿಯಲ್ಲಿ ಅವರ ಹಾಡು ಐದನೆಯದಾಗಿ ಸೇರಿತು.

ಪ್ರದರ್ಶನ ಮುಗಿದ ಮೇಲೆ ಪತ್ರಿಕೆಯ ಸಂಪುಟಗಳನ್ನು ಮತ್ತೆ ಅಲ್ಲಿಯೇ ಇಡಬೇಕೆಂಬ ಸೂಚನೆ ಬಂತು. ಒಂದೇ ಗೋಡೆಗೆ ಕಪಾಟು ಹಾಕಿಸಿ ಅಲ್ಲಿ ಇಟ್ಟಿದ್ದೇವೆ. ತುಂಬಿದ ಪುಸ್ತಕದ ಕಪಾಟು ಕೂಡ ಪ್ರತಿಧ್ವನಿಯನ್ನು ಸಾಕಷ್ಟು ತಗ್ಗಿಸುತ್ತದೆ. ಟಿವಿ, ಸ್ಪೀಕರುಗಳು, ಜಮಖಾನೆ ಅಲ್ಲಿಯೇ ಉಳಿದಿವೆ. ಕೌದಿಗಳನ್ನು ಮಾತ್ರ ಒಗೆಸಿ ಅವರವರ ಮನೆಗೆ ಮರಳಿಸಿದೆವು, ಅಷ್ಟರಲ್ಲಿ ಚಳಿಗಾಲ ಬಂದಿತ್ತು.